ಮಾಂಕುವಿನ ತಿರುವು

ಪೈವಳಿಕೆಯ ಆಚೆ, ಕಂಚಿಲಪದವಿನಲ್ಲಿ
ಹುಲ್ಲು ಬಿಟ್ಟರೆ ಗಾಳಿ, ಗಾಳಿ ಬಿಟ್ಟರೆ ಟಿಟ್ಟಿಭ.
ಅಲ್ಲಿಗೊಂದು ದಿನ ಅಂತುಂಞಿ ಮೊದಲಾಳಿ
ಬಹರೈನಿನ ದುಡ್ಡು, ಸುಣ್ಣದ ಚೀಲ, ಒಬ್ಬ ಸರ್ವೆಯವ,
ಮೂರನ್ನೂ ಜೀಪಿಗೆ ಹೇರಿಕೊಂಡು ಬಂದ.
ಮುರಕಲ್ಲಿನ ಮೇಲೆ ಬಿಳಿ ಗೆರೆ ಎಳೆಸಿದ,
ಸೊಟ್ಟ ಮೊಟ್ಟೆಯ ಹಾಗೆ, ಸುತ್ತ.

"ಯಾವ ಊರಿಗೆ ಹೋಗುತ್ತದೆ ಈ ರಸ್ತೆ?"
ಹುಲ್ಲು ಹೊತ್ತ ಮಾಂಕು ಕೇಳಿದಳು.
"ಎಲ್ಲಿಗೂ ಇಲ್ಲ. ಹೊರಟಲ್ಲಿಗೇ ಬರುತ್ತದೆ."
"ಹಾಗಾದರೆ ನನ್ನ ಬಾವಿ ಯಾಕೆ ಬೇಕು?"

ಆರು ಸೆಂಟ್ಸು. ಒಂದು ಬಾವಿ, ಹಗ್ಗ ಸವೆಸಿದ ಕಲ್ಲು.
ಮೊದಲಾಳಿ ಮೂರು ಸಲ ಬೆಲೆ ಏರಿಸಿದ,
ನಾಲ್ಕನೆಯ ಸಲ ತಾನೇ ನಡೆದು ಬಂದ.
ಅವಳು ನೀರು ಸೇದಿ ಕುಡಿಯಲು ಕೊಟ್ಟಳು.
ಅಷ್ಟೆ.
ಸರ್ವೆಯವ ಉಗುರಿನಿಂದ ನಕ್ಷೆ ಕೆರೆದ,
ಡಾಮರು ಬಾವಿಯನ್ನು ಬಳಸಿ ಹೋಯಿತು.

ಎಂಬತ್ತಮೂರರ ಜನವರಿ. ನನಗೆ ಹದಿನಾಲ್ಕು.
ಹಳದಿ ಬಾವುಟದ ಕೆಲಸ,
ದಿನಕ್ಕೆ ಎಂಟು ರೂಪಾಯಿ, ಮಧ್ಯಾಹ್ನ ನೆಯ್‌ಚೋರು.
ಕೊಯಮತ್ತೂರಿನಿಂದ ಹೊಟ್ಟೆ ನೆಲಕ್ಕೆ ತಾಗುವ ಕಾರುಗಳು,
ಮಂಗಳೂರಿನಿಂದ ಸೀಟು ಕಿತ್ತ ಫಿಯೆಟ್ಟು,
ಉಪ್ಪಳದಿಂದ ಮೀನು ನಾರುವ ಯೆಜ್ಡಿ.
ಉಳಿದ ತಿರುವಿನಲ್ಲೆಲ್ಲ ಶೂರರು,
ಬಾವಿಯ ಹತ್ತಿರ ಮಾತ್ರ ಹುಲ್ಲಿಗೆ ಬೀಳುತ್ತಿದ್ದರು:
ಅಲ್ಲಿ ದಾರಿ ಬಲಕ್ಕೆಂದು ನಂಬಿಸಿ
ಎಡಕ್ಕೆ ಜಾರುತ್ತದೆ.
"ಯಾರ ತಲೆಯಪ್ಪಾ ಇದು, ಫಾರಿನ್ನಿನವನದೋ?" ಎಂದ
ಹೆಲ್ಮೆಟ್ಟು ತೆಗೆದ ಒಬ್ಬ, ಹಲ್ಲಿನಲ್ಲೂ ಕೆಂಪು ಧೂಳು.
ನಾನು ಬಾವುಟದ ಕೋಲಿನಿಂದ ತೋರಿಸಿದೆ.
ಮಾಂಕು ಪಾತ್ರೆ ತಿಕ್ಕುತ್ತಿದ್ದಳು,
ಬೆನ್ನು ನಮ್ಮ ಕಡೆಗೆ.

ಐದು ವರ್ಷ, ಹನ್ನೊಂದು ಓಟ.
ಆಮೇಲೆ ಪಾಲುದಾರ, ಕೋರ್ಟು, ಜಪ್ತಿ,
ಆಮೇಲೆ ಕಲ್ಲಿನ ಪಣೆ.
ನೆಟ್ಟಗಿನ ದಾರಿಯನ್ನು ಗರಗಸದ ಯಂತ್ರ
ಕಲ್ಲು ಕಲ್ಲಾಗಿ ಕೊಯ್ದು ಲಾರಿಗೆ ಹಾಕಿತು.
ಒಂದು ನಿಮಿಷ ಹನ್ನೆರಡು ಸೆಕೆಂಡು ಎಂಬ ದಾಖಲೆ
ಈಗ ಯಾರದೋ ಹಟ್ಟಿಯ ಗೋಡೆ.

ಕುಡಿಯುವ ನೀರಿನಿಂದ ಇಷ್ಟು ಮಾರು ಬಿಡಬೇಕಂತೆ.
ಹಾಗಾಗಿ ತಿರುವೊಂದು ಉಳಿಯಿತು,
ಎರಡೂ ತುದಿಯಲ್ಲಿ ಹೊಂಡ ಇಟ್ಟುಕೊಂಡು.

ಮಾಂಕು ಹೋಗಿ ಒಂಬತ್ತು ಮಳೆಗಾಲ.
ಶನಿವಾರ ಹುಡುಗಿಯರು ಸ್ಕೂಟರು ತರುತ್ತಾರೆ,
ಲೈಸೆನ್ಸಿನ ಎಂಟು ಬರೆಯುತ್ತಾರೆ ಅವಳ ಡಾಮರಿನ ಮೇಲೆ,
ಅರ್ಧ ಎಂಟಿಗೆ ಕಾಲೂರಿ ಕಿಸಕ್ಕನೆ ನಗುತ್ತಾರೆ.
ನಾನು ಬಾವಿಕಟ್ಟೆಯಲ್ಲಿ ಕೂತಿರುತ್ತೇನೆ, ಸಂಬಳವಿಲ್ಲ.
ಮೊನ್ನೆ ಬಿರುಕಿನಲ್ಲಿ ಟಿಟ್ಟಿಭದ ಮೊಟ್ಟೆ, ನಾಲ್ಕು,
ಜಲ್ಲಿಯೋ ಮೊಟ್ಟೆಯೋ ತಿಳಿಯದ ಬಣ್ಣ.
ಎದ್ದು, ಹೆಗಲ ಬೈರಾಸು ತೆಗೆದು
ಬೀಸಿದೆ.