ಗೇಟು ಬಿದ್ದ ಹೊತ್ತು

ಅಶೋಕ ರಸ್ತೆಯ ರೈಲ್ವೆ ಗೇಟಿನ ಪಕ್ಕ,
ಟಾರ್ಪಾಲಿನ ಅಂಗಡಿಯ ಮೇಲೆ, ಹದಿನೇಳು ಮೆಟ್ಟಿಲು.
ನಾನು ಕೊಟ್ರಮ್ಮ. ಕಸ ಹೊಡೀತೀನಿ, ನೀರು ತುಂಬ್ತೀನಿ,
ಬಂದೋರ ಹೆಸರು ಬರೀತೀನಿ.
ಒಳಗೆ ಗೌಹರ್ ಮೇಡಂ ಕೂತು ಕೇಳ್ತಾರೆ.
ಕೇಳೋದೇ ಅವರ ಕೆಲಸ.

ನನಗೆ ಕೇಳೋದಿಲ್ಲ.
ಹತ್ತಿ ಮಿಲ್ಲಿನ ಮಗ್ಗ ಹನ್ನೊಂದು ವರ್ಷ
ನನ್ನ ಕಿವಿಯನ್ನ ದಿನಗೂಲಿಗೆ ತಗಂಡಿತ್ತು.
ಮಿಲ್ಲು ಮುಚ್ಚಿದಾಗ ಲೆಕ್ಕ ಚುಕ್ತಾ ಮಾಡಿದ್ರು,
ಕಿವಿ ವಾಪಸ್ಸು ಕೊಡಲಿಲ್ಲ.
"ಅದಕ್ಕೇ ನೀವು ಬೇಕು" ಅಂದ್ರು ಮೇಡಂ, ಮೊದಲ ದಿನ,
ಎದುರು ನಿಂತು, ತುಟಿ ಬಿಡಿಸಿ, ನಿಧಾನ.
"ಈ ಬಾಗಿಲಲ್ಲಿ ಮಾತು ಸೋರಬಾರದು."
ಕೆಪ್ಪಿ ಅಂತ ಎಲ್ಲಾ ಕಡೆ ಬ್ಯಾಡ ಅನ್ನಿಸಿಕೊಂಡೋಳಿಗೆ
ಕೆಪ್ಪಿ ಅಂತಲೇ ಕೆಲಸ ಸಿಕ್ತು. ನಗಬ್ಯಾಡ್ರಿ.

ಯಾರ್ಯಾರು ಬರ್ತಾರೆ ಅಂತ ಕೇಳಬ್ಯಾಡ್ರಿ, ಹೆಸರು ಹೇಳಂಗಿಲ್ಲ.
ಬೇಕಾದ್ರೆ ಚಪ್ಪಲಿ ಹೇಳ್ತೀನಿ.

ಮಂಡಕ್ಕಿ ಭಟ್ಟಿಯ ಬೂದಿ ಮೆತ್ತಿದ ಹವಾಯಿ,
ಪಟ್ಟಿಗೆ ಪಿನ್ನು ಚುಚ್ಚಿದ್ದು.
ಮೊದಲ ವಾರ ಮೆಟ್ಟಿಲ ಕಡೆ ಮೂತಿ ಮಾಡಿ
ಓಡೋಕೆ ತಯಾರಾಗಿ ನಿಂತಿತ್ತು.
ಈಗ ಹೆಂಗೆಂಗೋ ಬಿದ್ದಿರುತ್ತೆ, ಒಂದು ಬೋರಲು.
ಪೊಲೀಸು ಬೂಟು: ಲೇಸು ಬಿಚ್ಚೋಕೇ ಕಾಲು ಗಂಟೆ,
ಬಿಚ್ಚೋ ಕೈ ನಡುಗ್ತಿತ್ತು,
ನಾನು ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕ್ತಾ ಇದ್ದೆ.
ಕಾಲೇಜು ಮೇಷ್ಟ್ರ ಶೂ, ಪಳಪಳ ಪಾಲಿಶು,
ಒಂದು ಕರಿ, ಒಂದು ಕಂದು.
ಕೆಂಪು ಕಲ್ಲಿನ ಹೈ ಹೀಲ್ಸು, ಹತ್ತನೇ ನಂಬರು.
ಆಯಮ್ಮನ ಆಧಾರ್ ಕಾರ್ಡಿನಲ್ಲಿ ಗಂಡಸಿನ ಹೆಸರು.
ನಾನು ಅದನ್ನೇ ಇಳಿಸಿಕೊಳ್ಳೋಕೆ ಹೋದೆ.
ಮೇಡಂ ನನ್ನ ಪೆನ್ನು ಹಿಡಿದ್ರು:
"ಕೊಟ್ರಮ್ಮ, ಕಾರ್ಡು ಬೇಡ, ತುಟಿ ನೋಡಿ."
ನೋಡಿದೆ. ಬರೆದೆ.
ಆವತ್ತೇ ಗಂಡು ಹೆಣ್ಣು ಅನ್ನೋ ಖಾನೆ ಮೇಲೆ
ಸ್ಕೇಲಿಟ್ಟು ಗೀಟು ಎಳೆದೆ, ಬುಕ್ಕು ಮುಗಿಯೋ ತನಕ.

ಏನು ಮದ್ದು ಕೊಡ್ತಾರೆ ಒಳಗೆ, ಅಂತಾನೆ ಟಾರ್ಪಾಲಿನ ಹಾಲೇಶಿ.
ನಾನು ಕಂಡಿದ್ದು ಎರಡು ಕುರ್ಚಿ, ಒಂದೇ ಎತ್ತರದವು.
ಒಂದು ತಂಬಿಗೆ ನೀರು.
ಗಡಿಯಾರ, ಬಂದೋರ ಬೆನ್ನ ಹಿಂದೆ.
ಗುರುವಾರ ಮೇಡಂ ಚಿತ್ರದುರ್ಗದ ಬಸ್ಸು ಹತ್ತುತಾರೆ,
ಅಲ್ಲೊಬ್ಬರ ಬಾಗಿಲ ಹೊರಗೆ ಇವರೂ ಚಪ್ಪಲಿ ಬಿಡ್ತಾರಂತೆ.
ಹೊರೆ ಹೊರೋರಿಗೂ ಇಳಿಸಾಕೆ ಒಂದು ಕಲ್ಲು ಬೇಕಲ್ಲ.

ಹೋದ ಶನಿವಾರ ಯಾರೂ ಬರಲಿಲ್ಲ.
ಮೇಡಂ ಖಾಲಿ ಕುರ್ಚಿ ತೋರಿಸಿದ್ರು.
"ನಂದೇನೈತೆ" ಅಂದೆ.
ಕಿಟಕಿಯ ಕೆಳಗೆ ಹಾಲೇಶಿ ತಲೆ ಎತ್ತಿ ನೋಡಿದ.
ಕೆಪ್ಪರ ಗುಟ್ಟು ಊರಿಗೆಲ್ಲ ಡಂಗುರ;
ನನ್ನ ದನಿ ಎಷ್ಟು ದೊಡ್ಡದೋ ನನಗೇ ತಿಳಿಯಲ್ಲ.
ಅವರಿಗೆ ತಿಳೀತು. ಹೊರಗೆ ನೋಡಿದ್ರು.
ಗೇಟು ಬೀಳ್ತಾ ಇತ್ತು.

ಆಟೋಗಳು, ಹಾಲಿನ ಸ್ಕೂಟರು, ಮದುವೆ ಬ್ಯಾಂಡಿನ ವ್ಯಾನು,
ಎಲ್ಲಾ ನಿಂತವು.
ನೆಲದಿಂದ ನನ್ನ ಅಂಗಾಲಿಗೆ ರೈಲು ಹತ್ತಿತು.
ಮೇಡಂ ಕುರ್ಚಿ ಎಳಕಂಡು,
ಮೊಣಕಾಲಿಗೆ ಮೊಣಕಾಲು ತಾಗೋ ಹಂಗೆ ಕೂತು,
ನನ್ನ ತುಟಿ ನೋಡಿದ್ರು.
ನಾನು ಎಲ್ಲರನ್ನ ನೋಡೋ ಹಂಗೇ.

ಗೂಡ್ಸು ಗಾಡಿ. ಉದ್ದ ಇತ್ತು.
ಹೇಳಿದೆ.
ಆ ರಾತ್ರಿ ಕೂಸು ಅತ್ತಿತ್ತಂತೆ.
ಪಕ್ಕದ ಮನೀಗೆ ಕೇಳಿತ್ತಂತೆ, ಅದರಾಚೆ ಮನೀಗೂ.
ನಾನು ಅದರ ಮಗ್ಗುಲಲ್ಲೇ

ಕೊನೇ ಡಬ್ಬಿ ದಾಟಿತು. ಬಾಯಿ ಮುಚ್ಚಿದೆ.
ಅಳಬೇಡಿ ಅನ್ನಲಿಲ್ಲ ಅವರು,
ದೇವರ ಇಚ್ಛೆ ಅನ್ನಲಿಲ್ಲ.
ನೀರಿನ ಲೋಟ ಮುಂದೆ ಸರಿಸಿ
ತುಟಿ ಬಿಡಿಸಿ ಕೇಳಿದ್ರು:
"ಮುಂದಿನ ರೈಲು ಎಷ್ಟೊತ್ತಿಗೆ?"

"ಆರೂ ಇಪ್ಪತ್ತಕ್ಕೆ."

"ಇರ್ತೀನಿ."