ಬಾಣದ ಗುರುತು

ಗೋಡೆ ಪಿಳ್ಳಪ್ಪನ ಎಣ್ಣೆ ಗಾಣದ್ದು, ಬಣ್ಣ ನಂದು,
ಮಾತು ಮಾತ್ರ ಅವನದ್ದೇ:
"ಕಡಲೆಕಾಯಿ ಎಣ್ಣೆ ಅಂತ
ತಾಳೆಎಣ್ಣೆ ಅಳೆಯೋರಿದ್ದಾರೆ, ಜೋಕೆ!"
ಹೆಸರು ಬರೆಸಲಿಲ್ಲ. ಅಕ್ಷರಕ್ಕೆ ಎಂಟು ರೂಪಾಯಿ,
ಹೆಸರಿಗೆ ದುಡ್ಡು ದಂಡ ಅಂದ.

ಬೇಕಾಗಲೂ ಇಲ್ಲ.
'ಜೋಕೆ' ಮುಗಿದ ಕಡೆ ಒಂದು ಕೆಂಪು ಬಾಣ,
ಅದರ ಮೂತಿ ರಸ್ತೆಯಾಚೆ
ಕೋದಂಡರಾಮ ಶೆಟ್ಟರ ಅಂಗಡಿಗೆ.

ಚಿಂತಾಮಣಿ ಕೋರ್ಟಿನಲ್ಲಿ ಮೂರು ವರ್ಷ
ಆ ಬಾಣ ಎಳೆದಾಡಿದರು.
ಶೆಟ್ಟರ ಮಾನ ಇಪ್ಪತ್ತು ಲಕ್ಷ ಅಂತ ಲೆಕ್ಕವಾಯಿತು.
ಅರಗಿನ ಮುದ್ರೆ ಒತ್ತಿ ಸಾಕ್ಷಿಗಿಟ್ಟ ಎರಡು ಸೀಸೆ
ಬೀರುವಿನಲ್ಲೇ ಕಮಟು ಹಿಡಿದವು,
ಯಾವುದು ಯಾರದ್ದೋ ಮೂಗಿಗೂ ತಿಳಿಯದ ಹಾಗೆ.

ಕೊನೆಗೆ ನನ್ನನ್ನು ಕಟಕಟೆಗೆ ಕರೆದರು.
"ಚಾಂದ್‌ಪೀರ್, ಬಾಣ ಬರೆದದ್ದು ನೀವೇನಾ?"
ನಾನೇ ಸ್ವಾಮಿ.
"ಯಾರು ಬರೆಸಿದ್ದು?"
ಪುರಸಭೆಯವರು. ಆರು ವರ್ಷದ ಹಿಂದೆ.
ಮೂತ್ರಾಲಯಕ್ಕೆ ದಾರಿ ತೋರಿಸೋಕೆ.
ಸುಣ್ಣ ಹೊಡೆಯುವಾಗ ಅದೊಂದು ಬಿಟ್ಟೆ,
ಸರ್ಕಾರದ್ದು, ಅಳಿಸೋಕೆ ಭಯ.

ಗುಮಾಸ್ತ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ.
ಶೆಟ್ಟರು ನಗಲಿಲ್ಲ;
ಮೂರು ವರ್ಷ ಊರೆಲ್ಲ ಅವರ ಡಬ್ಬಿ
ಮೂಸಿ ನೋಡಿಯೇ ಕೊಂಡಿತ್ತು.
ಪಿಳ್ಳಪ್ಪನೂ ನಗಲಿಲ್ಲ.
ಅಕ್ಷರ ಎಲ್ಲಿಗೆ ಬಂದು ನಿಲ್ಲಬೇಕು ಅಂತ
ದಾರ ಹಿಡಿದು ತೋರಿಸಿದವನು ಅವನೇ.
ಅದನ್ನು ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಈಗ ಗೋಡೆ ಪೂರಾ ಬಿಳಿ. ಹೊಡೆದವನೂ ನಾನೇ,
ಕೂಲಿ ಇಬ್ಬರಿಂದ ಅರ್ಧರ್ಧ.
ಬಸ್ಸಿಳಿದವರು ಬಾಣ ಕಾಣದೆ
ಅತ್ತ ಇತ್ತ ನೋಡಿ
ಅಲ್ಲೇ, ಗೋಡೆಗೇ ತಿರುಗಿ ನಿಲ್ಲುತ್ತಾರೆ.