ಉದುರಿದ ಅಕ್ಷರ

ಹೋಲ್ಡರ್ನೆಸ್ಸಿನ ಕಡಲಂಚಿಗೆ ಬಂಡೆಯಿಲ್ಲ, ಬರೀ ಜೇಡಿ.
ವರ್ಷಕ್ಕೊಂದೆರಡು ಮಾರು ನೀರಿಗೆ.
ವಿನಿಫ್ರೆಡ್ ಆಕ್ಸ್‌ಟಬಿ ಎದ್ದವಳೇ
ಹಿತ್ತಿಲನ್ನು ಹೆಜ್ಜೆಯಲ್ಲಿ ಅಳೆಯುತ್ತಾಳೆ.
ಇವತ್ತು ಮೂವತ್ತೊಂದು.
ಹೋದ ವಾರ ಮೂವತ್ತಮೂರು,
ಬಟ್ಟೆ ಒಣಹಾಕುವ ಕಂಬವೂ ಇತ್ತು.

ಕೌನ್ಸಿಲ್ಲಿನ ಹುಡುಗ ಫಾರಮ್ಮು ಹಿಡಿದು ಬಂದ.
‘ಅಲೋನ್?’ ಅಂದ ತಲೆಯೆತ್ತದೆ,
ಪೆನ್ನಿನ ಮೊನೆ ಆಗಲೇ ಚೌಕದ ಮೇಲೆ.

ಹಲ್ ಊರಿನ ಅಚ್ಚುಕೂಟದಲ್ಲಿ ಮೂವತ್ತಾರು ವರ್ಷ
ಕರಡು ತಿದ್ದಿದವಳು;
ಪಿಂಗಾಣಿ ಬಸಿಯ ಹಾಗೆ ಪದವನ್ನೂ
ಮಗುಚಿ ತಳ ನೋಡದೆ ಬಿಡಳು.

‘ತಡಿ ಮಗಾ, ಅದು ಒಂದಲ್ಲ, ಎರಡು.
ಆಲ್ ಬೇರೆ, ವನ್ ಬೇರೆ.
ಎಲ್ಲವೂ ಒಂದೇ ಆದವರು. ಪೂರಾ ಒಬ್ಬರು.
ಬಾಯಿಂದ ಬಾಯಿಗೆ ದಾಟುತ್ತ
ನಡುವಿನ ಸಂದು ಮುಚ್ಚಿಹೋಯ್ತು.
ಆಮೇಲೆ ಯಾರೋ ಅವಸರದವರು
ಮುಂದಿನ ಅಕ್ಷರ ಬೀಳಿಸಿಕೊಂಡರು:
ಲೋನ್.
ಕಿವಿಗೆ ಸಾಲವೆಂದೇ ಕೇಳುತ್ತೆ, ಅಲ್ಲವಾ?
ಅದಕ್ಕೊಂದು ಬಾಲ ಹೊಲಿದು ಲೋನ್ಲಿ ಮಾಡಿ
ಮನೆಮನೆಗೆ ಹಂಚಿದರು.
ಎಲ್ಲ ಅನ್ನುವುದರಲ್ಲಿ ಈಗ ಉಳಿದಿರೋದು
ಒಂದು ಲಕಾರ.
ಅಗೋ, ಆ ದಡದಲ್ಲಿ ಜೋತುಬಿದ್ದ
ಬೇಲಿಗೂಟದ ಹಾಗೆ.’

ಹುಡುಗ ಗೂಟ ನೋಡಿದ, ಗಡಿಯಾರ ನೋಡಿದ.
‘ಅಂದರೆ... ಹೌದು ಅಂತ ಹಾಕಲಾ?’

ಕೆಟಲು ಕೂಗತೊಡಗಿತು.
ಹೊರಗೆ ಮೆತ್ತಗೆ, ಯಾರೋ ಮೂಟೆ ಇಳಿಸಿದಂತೆ
ಒಂದು ಸದ್ದು.

‘ಮೂವತ್ತು’ ಅಂದಳು ವಿನಿಫ್ರೆಡ್.
ಎರಡನೇ ಲೋಟ ಹುಡುಕುತ್ತ,
‘ಹಾಕ್ಕೋ. ಆದರೆ ಸಂದು ಬಿಟ್ಟು ಬರಿ.’